ಗೆಳೆಯನಿಗೊಂದು ಪತ್ರ: ‘ನಾ’ ಎಂಬ ಒಂದಕ್ಷರದ ಕುರಿತು

ಪ್ರೀತಿಯ ಗೆಳೆಯಾ,

ಕಾರವಾರದಿಂದ ನಮಸ್ಕಾರಗಳು. ಕೊರಿಯನ್ ಧಾರಾವಾಹಿಯೊಂದರಲ್ಲಿ ‘ನಾ’ ಎಂದರೆ ‘ನಾನು’ ಎಂದು ತಿಳಿದು ನೀನು ಬೆರಗಾಗಿದ್ದೀಯೆ. ಅವರ ‘ನಾನುನ್’ ನಮ್ಮ ‘ನಾನು’ವಿನಂತೆಯೇ ಕೇಳಿಸುವುದರಿಂದ ಎರಡು ಭಾಷೆಗಳಿಗೂ ಯಾವುದೋ ಕಾಲದ ನೆಂಟಸ್ತಿಕೆ ಇರಲೇಬೇಕೆಂದು ಬರೆದಿದ್ದೀಯೆ. ಇಲ್ಲವೆಂಬುದೇ ನನ್ನ ಉತ್ತರ. ಅದಕ್ಕೆ ಕಾರಣಗಳನ್ನು ನಮ್ಮ ಜಿಲ್ಲೆಯಲ್ಲಿಯೇ ತೋರಿಸಬಹುದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಾರವಾರದ ಮೀನುಪೇಟೆಯಲ್ಲಿ ‘ನಾ’ ಎಂಬುದು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೆಯೆಂಬುದಕ್ಕೆ ಲೆಕ್ಕವಿಲ್ಲ. ಕೊಂಕಣಿಯಲ್ಲಿ ಅದರ ಅರ್ಥ ‘ಇಲ್ಲ’ ಎಂದು. ನಾವು ಕನ್ನಡದಲ್ಲಿ ‘ಇಲ್ಲ’ ಮತ್ತು ‘ಅಲ್ಲ’ ಎಂಬ ಭೇದವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತೇವೆಯೋ ಕೊಂಕಣಿಗರೂ ಅಷ್ಟೇ ಕಟ್ಟುನಿಟ್ಟಾಗಿ ‘ನಾ’ ಮತ್ತು ‘ನ್ಹಯ್’ ಎಂಬ ಭೇದವನ್ನು ಪಾಲಿಸುತ್ತಾರೆ: ವಸ್ತುವೇ ಇರದಿದ್ದರೆ ‘ನಾ’, ಇರುವ ವಸ್ತು ನಾವು ಹೇಳಿದ್ದಲ್ಲವಾದರೆ ‘ನ್ಹಯ್’. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಈ ‘ನಾ’ ಕ್ರಿಯಾಪದದಂತೆ ರೂಪ ಬದಲಿಸುತ್ತದೆ. ಒಂದು ವಸ್ತು ಇಲ್ಲದಿದ್ದರೆ ‘ನಾ’. ಬಂಗಡೆಗಳು ಮುಗಿದುಹೋಗಿದ್ದರೆ ಬಹುವಚನದಲ್ಲಿ ‘ನಾಂತ್’. ‘ಹಾಂವ್ ಯೇನಾ’ ಎಂದರೆ ‘ನಾನು ಬರುವುದಿಲ್ಲ’; ಬಾರದವರು ಹಲವರಾದರೆ ‘ಯೇನಾಂತ್’. ನಮ್ಮ ‘ಇಲ್ಲ’ಕ್ಕೆ ಇಂಥ ಬಹುವಚನವಿಲ್ಲ. ಕನ್ನಡಿಗನ ‘ನಾ’ ನಾನೆಂಬುದನ್ನೂ ಕೊಂಕಣಿಗನ ‘ನಾ’ ಇಲ್ಲವೆಂಬುದನ್ನೂ ಹೇಳುವುದರಿಂದ, ಎರಡನ್ನೂ ಸೇರಿಸಿ ಅದ್ವೈತ ಬೋಧಿಸುವ ಉತ್ಸಾಹಿಗಳು ಇಲ್ಲಿದ್ದಾರೆ. ಆ ಚಮತ್ಕಾರ ನನಗೆ ರುಚಿಸುವುದಿಲ್ಲ.

ಕೊಂಕಣಿಯ ಈ ‘ನಾ’ಗೆ ನೆಂಟರು ಬಹಳ. ಅದು ಸಂಸ್ಕೃತದ ನಿಷೇಧವಾಚಕ ‘ನ’ದ ವಂಶಕ್ಕೆ ಸೇರಿದ್ದು, ಪಾರಸಿಯ ‘ನ’, ಲ್ಯಾಟಿನ್ನಿನ ‘ನೆ’, ಇಂಗ್ಲಿಷಿನ ‘ನೋ’ ಅದೇ ಬಳಗದವು. ಆ ಮೂಲ ಪದವಾದರೂ ಏಕಾರ್ಥದ್ದಾಗಿರಲಿಲ್ಲ. ವೇದದಲ್ಲಿ ‘ನ’ ಎಂದರೆ ‘ಇಲ್ಲ’ವೂ ಹೌದು, ‘ಹಾಗೆ’ ಎಂಬ ಉಪಮಾವಾಚಕವೂ ಹೌದು. ವೇದದ ಪದಗಳ ಅರ್ಥವನ್ನು ಬಿಡಿಸುವ ‘ನಿರುಕ್ತ’ವನ್ನು ಬರೆದ ಯಾಸ್ಕನು ಇದನ್ನು ಗಮನಿಸಿ, ನಿಷೇಧದ ‘ನ’ ತಾನು ನಿಷೇಧಿಸುವ ಪದಕ್ಕಿಂತ ಮೊದಲು ಬರುತ್ತದೆ, ಹೋಲಿಕೆಯ ‘ನ’ ಯಾವುದಕ್ಕೆ ಹೋಲಿಸುತ್ತೇವೆಯೋ ಆ ಉಪಮಾನದ ಪದದ ನಂತರ ಬರುತ್ತದೆ ಎಂದು ಬಿಡಿಸಿ ಹೇಳಿದ್ದಾನೆ. ಪದದ ಅರ್ಥವನ್ನು ಅದರ ನೆಲೆಯಿಂದ ಗುರುತಿಸುವ ಈ ಕ್ರಮವೇ ನಿನ್ನ ಪ್ರಶ್ನೆಗೂ ಬೇಕಾದದ್ದು. ಬಂಗಾಳಿಯಲ್ಲಿಯೂ ‘ನಾ’ ಎಂದರೆ ‘ಇಲ್ಲ’. ಅಲ್ಲಿಯೂ ಅದು ಕೊಂಕಣಿಯಲ್ಲಿರುವಂತೆ ಸಾಮಾನ್ಯವಾಗಿ ಕ್ರಿಯಾಪದದ ನಂತರವೇ ಬರುತ್ತದೆ: ‘ಜಾಬೊ ನಾ’, ಹೋಗುವುದಿಲ್ಲ. 1880ರ ದಶಕದ ಮೊದಲ ವರ್ಷಗಳಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಕಾರವಾರದಲ್ಲಿ ಬಂದು ತಂಗಿದ್ದ ರವೀಂದ್ರನಾಥ ಠಾಗೋರರಿಗೆ ಈ ಊರಿನ ಮಾತಿನಲ್ಲಿ ಬೇರೇನು ತಿಳಿಯದಿದ್ದರೂ ಈ ಒಂದು ಪದಕ್ಕೆ ದುಭಾಷಿ ಬೇಕಾಗಿರಲಾರದು. ಅಷ್ಟು ದೂರದ ಎರಡು ಭಾಷೆಗಳಲ್ಲಿ ಧ್ವನಿ, ಅರ್ಥ, ನೆಲೆ ಮೂರೂ ಹೊಂದುವುದಕ್ಕೆ ಕಾರಣ ಅವು ಒಂದೇ ಮೂಲದಿಂದ ಹರಿದು ಬಂದಿರುವುದು.

ಈಗ ಕೊರಿಯನ್ನಿಗೆ ಬರೋಣ. ನಿನಗೆ ಬಂದ ಅನುಮಾನ ಹೊಸದೇನೂ ಅಲ್ಲ. ಕೊರಿಯದಲ್ಲಿ ನೆಲೆಸಿದ್ದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನರು 1905ರಲ್ಲಿ ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸುವ ವ್ಯಾಕರಣವನ್ನೇ ಪ್ರಕಟಿಸಿದ್ದರು. ಆದರೆ ಇಂದಿನ ಭಾಷಾವಿಜ್ಞಾನ ಆ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ. ‘ನಾನುನ್’ ಎಂಬುದರ ‘ನುನ್’ ಸರ್ವನಾಮದ ಭಾಗವೇ ಅಲ್ಲ. ಮಾತು ಯಾವುದರ ಬಗ್ಗೆ ಎಂದು ಸೂಚಿಸುವ ಪ್ರತ್ಯಯ ಅದು, ಸ್ವರಾಂತ್ಯದ ಯಾವ ನಾಮಪದಕ್ಕಾದರೂ ಹತ್ತುತ್ತದೆ. ನಮ್ಮ ‘ನಾವು’ ‘ನಾನು’ವಿನ ಒಡಹುಟ್ಟಿದ ರೂಪವಾದರೆ ಅವರ ‘ನಾವು’ ‘ಉರಿ’ ಎಂಬ ಬೇರೆಯೇ ಪದ. ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಶಿರಸಿಯ ಹವ್ಯಕರ ಮನೆಗಳಲ್ಲಿದೆ. ಅವರು ‘ನಾನು’ ಎನ್ನುವುದಿಲ್ಲ, ‘ಆನು’ ಎನ್ನುತ್ತಾರೆ. ಅದು ಹಳಗನ್ನಡದ ‘ಆನ್’. ತುಳುವಿನಲ್ಲಿ ‘ಯಾನ್’, ಹಳೆಯ ತಮಿಳಿನಲ್ಲಿಯೂ ‘ಯಾನ್’. ಮೂಲ ರೂಪದ ಆದಿಯಲ್ಲಿ ನಕಾರವಿರಲಿಲ್ಲ, ‘ನೀನ್’ ಎಂಬುದರ ಸಹವಾಸದಿಂದ ಅದು ‘ನಾನ್’ಗೆ ಬಂದು ಸೇರಿತು ಎಂಬ ವಿವರಣೆಯನ್ನು ಬಹಳ ವಿದ್ವಾಂಸರು ಒಪ್ಪುತ್ತಾರೆ. ಹೀಗಿರುವಾಗ, ನಿನ್ನನ್ನು ಬೆರಗುಗೊಳಿಸಿದ ಆ ನಕಾರವೇ ನಮ್ಮಲ್ಲಿ ಈಚಿನದು. ಅದನ್ನು ನೆಚ್ಚಿ ಪುರಾತನ ಸಂಬಂಧವನ್ನು ಸ್ಥಾಪಿಸಲು ಸಾಧ್ಯವಿಲ್ಲ. ತೆಲುಗಿನ ‘ನಾ’, ಅಂದರೆ ‘ನನ್ನ’, ಮಾತ್ರ ನಿಜವಾಗಿಯೂ ನಮ್ಮ ಮನೆಯದು.

ಹಾಗಾದರೆ ಇಷ್ಟೊಂದು ಹೋಲಿಕೆ ಎಲ್ಲಿಂದ ಬಂತೆಂದು ನೀನು ಕೇಳಬಹುದು. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೂ ಕಾಗುಣಿತದಲ್ಲಿ ದೊರೆಯುವುದು 442 ಅಕ್ಷರಗಳು. ಭೂಮಿಯ ಮೇಲಿರುವುದು ಸುಮಾರು 7000 ಭಾಷೆಗಳು. ಅದರಲ್ಲಿಯೂ ನಕಾರ ಮತ್ತು ಆಕಾರ ಬಹುತೇಕ ಎಲ್ಲ ಭಾಷೆಗಳಲ್ಲಿರುವ, ಕೂಸಿನ ಬಾಯಿಗೂ ಬೇಗ ಒಗ್ಗುವ ಧ್ವನಿಗಳು. ಆದ್ದರಿಂದ ‘ನಾ’ ಅಥವಾ ‘ನ’ ಯಾರ ಕೈಗೆ ಸಿಕ್ಕಿಲ್ಲವೆಂದು ಹುಡುಕುವುದೇ ಕಷ್ಟ. ಜಪಾನಿಯಲ್ಲಿ ಅದು ‘ಹೆಸರು’, ಹಾಗೆಯೇ ‘ಸೊಪ್ಪು’, ರಷ್ಯನ್ನಿನಲ್ಲಿ ‘ಮೇಲೆ’, ತಮಿಳಿನಲ್ಲಿ ‘ನಾಲಗೆ’, ಗೋವೆಯನ್ನು 1961ರವರೆಗೆ ಆಳಿದವರ ಪೋರ್ಚುಗೀಸಿನಲ್ಲಿ, ಸ್ತ್ರೀಲಿಂಗದ ಪದವೊಂದು ಮುಂದಿದ್ದರೆ, ‘ಅದರಲ್ಲಿ’. ಥಾಯ್ ಭಾಷೆಯವರಂತೂ ಸ್ವರದ ಏರಿಳಿತವನ್ನಷ್ಟೇ ಬದಲಿಸಿ ಗದ್ದೆ, ಮುಖ, ದಪ್ಪ, ತಾಯಿಯ ತಮ್ಮ ಅಥವಾ ತಂಗಿ ಎಂಬಿಷ್ಟನ್ನೂ ಇದೇ ‘ನಾ’ದಲ್ಲಿ ಹೇಳುತ್ತಾರೆ, ನಮ್ಮ ಕಿವಿಗೆ ಎಲ್ಲವೂ ಒಂದೇ.

ನಮ್ಮ ಜಿಲ್ಲೆಯನ್ನು ದಾಟದೆಯೂ ಇಂಥವು ಸಿಗುತ್ತವೆ. ಭಟ್ಕಳದ ಮಸೀದಿಗಳ ಪ್ರಾರ್ಥನೆಯಲ್ಲಿ ಕೇಳಿಸುವ ಅರಬಿಯ ‘ರಬ್ಬನಾ’ ಎಂಬುದರ ಕೊನೆಯ ‘ನಾ’ ‘ನಮ್ಮ’ ಎಂದು. ತೆಲುಗಿನ ‘ನಾ’ಗೆ ಅದು ಎಷ್ಟು ಹತ್ತಿರವೆನಿಸಿದರೂ ಸಂಬಂಧವಿಲ್ಲ. 1966ರಲ್ಲಿ ಮುಂಡಗೋಡಿನಲ್ಲಿ ನೆಲೆಯಾದ ಟಿಬೆಟನ್ನರ ಮಾತಿನಲ್ಲಿ ‘ನ’ ಎಂದರೆ ನೋವು, ಕಾಯಿಲೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಪೂರ್ವಿಕರು ಆಫ್ರಿಕದಿಂದ ಬಂದವರು. ಆ ಖಂಡದ ಪೂರ್ವ ಕರಾವಳಿಯ ಸ್ವಾಹಿಲಿಯಲ್ಲಿ ‘ನ’ ಎಂದರೆ ‘ಜೊತೆಗೆ’, ‘ಮತ್ತು’. ನನ್ನ ಬಳಿ ಪುಸ್ತಕವಿದೆ ಎನ್ನಲು ಆ ಭಾಷೆಯವರು ‘ನಿನ ಕಿತಾಬು’, ಅಂದರೆ ‘ನಾನು ಪುಸ್ತಕದ ಜೊತೆ’, ಎನ್ನುತ್ತಾರೆ. ಇಂದಿನ ಸಿದ್ದಿಗಳು ಮನೆಯಲ್ಲಾಡುವುದು ಬಹುಪಾಲು ಕೊಂಕಣಿಯ ಒಂದು ಬಗೆಯನ್ನು. ಆಫ್ರಿಕದ ಆ ಕರಾವಳಿಯಲ್ಲಿ ಇರುವಿಕೆಯನ್ನು ಹೇಳುವ ಅಕ್ಷರ ಇಲ್ಲಿ ಇಲ್ಲದಿರುವಿಕೆಯನ್ನು ಹೇಳುತ್ತದೆ.

ಧಾರಾವಾಹಿ ನೋಡುವಾಗ ಕೊರಿಯನ್ನರ ‘ನೀನು’ ಎಂಬುದನ್ನೂ ಕೇಳಿಸಿಕೊಂಡಿರುತ್ತೀಯೆ. ಅದು ‘ನೊ’ ಎಂಬಂತಿದ್ದು ಮತ್ತೆ ನಕಾರದಿಂದಲೇ ತೊಡಗುತ್ತದೆ. ನಿನ್ನ ಮುಂದಿನ ಪತ್ರ ಅದನ್ನೇ ಹಿಡಿದುಕೊಂಡು ಬರುವುದೆಂದು ನನಗೆ ಗೊತ್ತು. ಬರೆಯುವ ಮೊದಲು ಎರಡೂ ಭಾಷೆಗಳಲ್ಲಿ ನೀರು, ಕಣ್ಣು, ಕೈ, ಕಲ್ಲು ಮತ್ತು ಒಂದರಿಂದ ಹತ್ತರವರೆಗಿನ ಎಣಿಕೆಯನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ನೋಡು.

ಇಂತು ನಿನ್ನ,
ಕಾರವಾರದ ಗೆಳೆಯ