ಸದಸ್ಯರ ಪಟ್ಟಿಯ ಪರಿಷ್ಕರಣೆ: ಒಂದು ಕೋರಿಕೆ

ಮಾನ್ಯ ಸದಸ್ಯರೆ,

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಬಳಗದ ಸದಸ್ಯರ ಪಟ್ಟಿಯನ್ನು ಈ ತಿಂಗಳು ಪರಿಷ್ಕರಿಸುತ್ತಿದ್ದು, ಈ ಸಲ ‘ಕುಟುಂಬದ ಯಜಮಾನ’ ಎಂಬ ಕಾಲಂ ಇರುವುದಿಲ್ಲ. ಬೆಳಗಿನ ಫಾಸ್ಟ್ ಲೋಕಲ್ ರೈಲು ಹಿಡಿದು ಹೋಗಿ ಬ್ಯಾಂಕಿನ ಒಂದು ಶಾಖೆಯನ್ನೇ ನಡೆಸುವ ಸದಸ್ಯೆಯೊಬ್ಬರು ಹಳೆಯ ಪಟ್ಟಿಯಲ್ಲಿ ‘ಪತ್ನಿ’ ಎಂದಷ್ಟೇ ದಾಖಲಾಗಿದ್ದಾರೆ. ಅವರ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. 2024ರ ಮೇ 1ರಿಂದ ಹುಟ್ಟಿದವರ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರಬೇಕೆಂದು ಮಹಾರಾಷ್ಟ್ರ ಸರ್ಕಾರವೇ ನಿಯಮ ಮಾಡಿರುವಾಗ, ನಾವು ಹಳೆಯ ನಮೂನೆಯನ್ನೇ ಮುಂದುವರಿಸುವುದು ಸರಿಯಲ್ಲ.

ಆದ್ದರಿಂದ ಮನೆಯ ಪ್ರತಿಯೊಬ್ಬ ವಯಸ್ಕರೂ ತಮ್ಮ ಹೆಸರು, ಉದ್ಯೋಗ ಮತ್ತು ಸ್ವಂತ ಮೊಬೈಲ್ ಸಂಖ್ಯೆಯನ್ನು ತಾವೇ ಬರೆದು ನನಗೆ ಖಾಸಗಿಯಾಗಿ ಕಳುಹಿಸಬೇಕಾಗಿ ವಿನಂತಿ. ಮನೆಯಲ್ಲೇ ಹೊಲಿಗೆ, ಟ್ಯೂಷನ್, ಊಟದ ಡಬ್ಬಾ ನಡೆಸುವವರು ಅದನ್ನು ಉದ್ಯೋಗವೆಂದೇ ನಮೂದಿಸಿ, ಸಂಕೋಚ ಬೇಡ. ಮನೆ, ಮಕ್ಕಳನ್ನು ನೋಡಿಕೊಳ್ಳುವ ಗಂಡಸರೂ ಹಾಗೆಯೇ ಬರೆಯಲಿ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಪುರುಷರು ಕೊಡುವುದು 97 ನಿಮಿಷ. ಈ ಅಂತರ ನಮ್ಮ ವಾರ್ಷಿಕ ಊಟದಲ್ಲೂ ಕಾಣುತ್ತದೆ. ಅಡುಗೆ, ಬಡಿಸುವ ಸರದಿಗೆ ಪುರುಷರೂ ಹೆಸರು ಕೊಡಬೇಕು. ಲೆಕ್ಕಪತ್ರದ ಸಭೆಗೆ ಮಹಿಳೆಯರೂ ಬಂದು ಪ್ರಶ್ನೆ ಕೇಳಬೇಕು. ವಿವರಗಳು ಭಾನುವಾರದೊಳಗೆ ತಲುಪಲಿ.

— ಕಾರ್ಯದರ್ಶಿ