ಟ್ರೋಲಿಂಗ್ ಮೋಟರ್ ಬದಲಿಸುವ ಮುಂಚೆ ತೂಕ ನೋಡಿ

ಎಲ್ಲರಿಗೂ ನಮಸ್ಕಾರ. ಹೊಸ ಟ್ರೋಲಿಂಗ್ ಮೋಟರ್ (ಮೀನು ಹಿಡಿಯುವಾಗ ದೋಣಿಯನ್ನು ನಿಧಾನ ನಡೆಸುವ ಬ್ಯಾಟರಿ ಮೋಟರ್) ಬಗ್ಗೆ ಕೇಳುವವರೆಲ್ಲ ಥ್ರಸ್ಟ್, ಅಂದರೆ ತಳ್ಳುವ ಬಲ, ಎಷ್ಟು ಅಂತಾರೆ, ತೂಕ ಎಷ್ಟು ಅಂತ ಯಾರೂ ಕೇಳ್ತಿಲ್ಲ. ದಯವಿಟ್ಟು ಕೇಳಿ.

36 ವೋಲ್ಟಿನ ದೊಡ್ಡ ಮೋಟರ್ ಮೌಂಟ್ (ದೋಣಿಗೆ ಕೂರಿಸುವ ಚೌಕಟ್ಟು) ಸೇರಿ 45 ಕೆಜಿ ಆಸುಪಾಸು ತೂಗುತ್ತದೆ. ಇಡೀ ಬಾಸ್ ಬೋಟಿನ (ಮೀನು ಹಿಡಿಯುವ ವೇಗದ ದೋಣಿ) ಎದುರು ಅದು ಸಣ್ಣದೇ. ಆದರೆ ಅದು ಕೂರುವುದು ದೋಣಿಯ ಮೂತಿಯ ತುತ್ತತುದಿಯಲ್ಲಿ, ತಕ್ಕಡಿ ಕೋಲಿನ ಕೊನೆಗೆ ಕಲ್ಲು ಕಟ್ಟಿದ ಹಾಗೆ. ವೇಗ ಹಿಡಿದಾಗ ಮೂತಿ ಎದ್ದು, ಹಿಂದಿನ ಸ್ವಲ್ಪ ತಳ ಮಾತ್ರ ನೀರಿಗೆ ತಾಗಬೇಕು. ಮುಂದೆ ಭಾರ ಹೆಚ್ಚಿದರೆ ಹೆಚ್ಚು ತಳ ನೀರನ್ನು ಉಜ್ಜುತ್ತದೆ, ವೇಗ ಇಳಿಯುತ್ತದೆ, ಮೂತಿ ಎತ್ತಲು ಔಟ್‌ಬೋರ್ಡ್‌ಗೆ (ಹಿಂದಿನ ಮುಖ್ಯ ಎಂಜಿನ್) ಟ್ರಿಮ್, ಅಂದರೆ ಓರೆ, ಜಾಸ್ತಿ ಕೊಡಬೇಕಾಗುತ್ತದೆ.

ನನಗೆ ವೇಗಕ್ಕಿಂತ ಅಲೆಯದ್ದೇ ಚಿಂತೆ. ಭಾರದ ಮೋಟರ್ ಹಾಕಿಸಿದ ವಾರ, ಅಲೆಗಳ ನಡುವೆ ಥ್ರಾಟಲ್ ತಟ್ಟನೆ ಇಳಿಸಿದೆ. ಮೂತಿ ಅಲೆಯೊಳಗೆ ನುಗ್ಗಿ, ಮುಂದಿನ ಡೆಕ್ ಮೇಲೆ ಕಾಲ್ಬೆರಳು ಮುಳುಗುವಷ್ಟು ನೀರು ಬಂತು.

ಇನ್ನೊಂದು ಮಾತು. ಹಿಂದಿರುವ ಮೂರು ಲೆಡ್ ಆಸಿಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿದರೆ ಒಟ್ಟು ತೂಕ ಚೆನ್ನಾಗಿ ಇಳಿಯುತ್ತದೆ, ಆದರೆ ಹಗುರಾಗುವುದು ಹಿಂಭಾಗ. ಸಮತೋಲ ಇನ್ನಷ್ಟು ಮುಂದಕ್ಕೆ ಜಾರುತ್ತದೆ. ಮೋಟರ್, ಬ್ಯಾಟರಿ ಎರಡೂ ಒಟ್ಟಿಗೆ ಬದಲಿಸುವವರು ಮುಂದಿನ ಪೆಟ್ಟಿಗೆಗಳಲ್ಲಿರುವ ಲಂಗರು, ಸೀಸದ ತೂಕಗಳನ್ನು ಮೊದಲು ಹಿಂದಕ್ಕೆ ಸಾಗಿಸಿ, ಶಾಂತ ನೀರಿನಲ್ಲಿ ಓಡಿಸಿ ನೋಡಿ.