ಪರಿಸರ ಸೂಕ್ಷ್ಮ ಪ್ರದೇಶ: ಕರಡು ಮೊದಲು ಗ್ರಾಮಸಭೆಗೆ ಬರಲಿ

ಮಾನ್ಯ ಸಂಪಾದಕರೇ,

ಪರಿಸರವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂಬ ಮಾತು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ, ನಮ್ಮ ಸಂವಿಧಾನವನ್ನು ಸೇರಿತು. ಆ ಆಶಯಕ್ಕೆ ಬಲ ಕೊಡಲು 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಗಣಿಗಾರಿಕೆಯಂಥ ಚಟುವಟಿಕೆಗಳಿಗೆ ನಿರ್ಬಂಧ ಬೀಳುವ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕೇಂದ್ರದ ಕರಡು ಅಧಿಸೂಚನೆಗಳು ಹೊರಟಿರುವುದು ಇದೇ ಕಾಯ್ದೆಯಡಿ. 2024ರ ಜುಲೈ 31ರದ್ದು ಆರನೆಯದು. ಎರಡು ತಿಂಗಳೊಳಗೆ ರಾಜ್ಯ ಸಚಿವ ಸಂಪುಟ, ಈ ಕರಡುಗಳಿಗೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ತಿರಸ್ಕರಿಸಿತು.

ತೊಡಕಿರುವುದು ಆಶಯದಲ್ಲಲ್ಲ, ಗೆರೆ ಎಳೆದ ಕ್ರಮದಲ್ಲಿ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ, ವಲಯಗಳ ಗಡಿ ಗ್ರಾಮಸಭೆಗಳ ಚರ್ಚೆಯ ನಂತರವೇ ನಿಶ್ಚಯವಾಗಲಿ ಎಂದಿತ್ತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ನೋಡಿ ಘಟ್ಟದ ಸುಮಾರು ಶೇ 37ರಷ್ಟನ್ನು ಗುರುತಿಸಿತು. ಕರಡುಗಳು ಇದನ್ನೇ ಹಿಡಿದು ಇಡೀ ಗ್ರಾಮವನ್ನು ಒಂದು ಘಟಕವೆಂದು ಎಣಿಸಿದವು. ಶಿರಸಿ, ಸಿದ್ದಾಪುರದ ಕಡೆ ಒಂದು ಗ್ರಾಮವೆಂದರೆ ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬೆಳೆಗಾರರಿಗೆ ಹಕ್ಕಿರುವ ಬೆಟ್ಟ), ಅಡಿಕೆ ತೋಟ, ಗದ್ದೆ, ಕೇರಿ ಎಲ್ಲವೂ ಸೇರಿದ್ದು. ಮುಖ್ಯವಾಗಿ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ ಮತ್ತು ಬೃಹತ್ ಕಟ್ಟಡಗಳನ್ನು ತಡೆಯುವ ಕರಡಿನ ಬಗ್ಗೆ, ನಾಳೆ ತೋಟಕ್ಕೆ ಒಂದು ಹೊರೆ ಸೊಪ್ಪು ತರಲೂ ಬಿಡುವುದಿಲ್ಲವಂತೆ ಎಂಬ ಮಾತು ಊರೂರಲ್ಲಿ ಹಬ್ಬಿದ್ದು ಹೀಗೆ. ಕರಡನ್ನು ಕನ್ನಡದಲ್ಲಿ ಓದಿ ಹೇಳುವವರು ಬಾರದಿದ್ದಾಗ ಗಾಳಿಮಾತೇ ಗಟ್ಟಿಯಾಗುತ್ತದೆ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ, ಕಡಿಯುವುದನ್ನು ತಡೆಯಲು ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿಯ ಸೀಮೆ ಇದು. ಇಲ್ಲಿನವರನ್ನು ಪರಿಸರ ವಿರೋಧಿಗಳೆಂದು ಜರೆಯುವುದು ಅನ್ಯಾಯ.

ಇನ್ನೊಂದು ಇಬ್ಬಂದಿತನವನ್ನೂ ಹೇಳಬೇಕು. ಆರನೇ ಕರಡು ಬರುವ ಹದಿನೈದು ದಿನ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಒಂದು ಸಚಿವಾಲಯ ಗುಡ್ಡ ಉಳಿಸಲು ಕರಡು ಬರೆಯುತ್ತಿರುವಾಗ, ಇನ್ನೊಂದರ ರಸ್ತೆಗೆ ಗುಡ್ಡದ ಬುಡ ಕಡಿಯಲಾಗುತ್ತದೆ. ರೈತನ ಬೆಟ್ಟಕ್ಕೆ ಹಾಕುವ ನಿಯಮ ಹೆದ್ದಾರಿಗೂ ಅನ್ವಯಿಸದಿದ್ದರೆ ಯಾರು ನಂಬಿಯಾರು?

ಆದ್ದರಿಂದ ಗ್ರಾಮದ ಬದಲು ಸರ್ವೆ ನಂಬರನ್ನು ಘಟಕವಾಗಿಟ್ಟು ನಕ್ಷೆ ಸಿದ್ಧಪಡಿಸಲಿ. ಕನ್ನಡದ ಕರಡಿನೊಂದಿಗೆ ಅದನ್ನು ಪ್ರತಿ ಗ್ರಾಮಸಭೆಯಲ್ಲಿ ಮಂಡಿಸಲಿ. ಸೊಪ್ಪಿನಬೆಟ್ಟದ ಹಕ್ಕು ಮುಂದುವರಿಯುತ್ತದೆ ಎಂಬುದನ್ನು ಅಧಿಸೂಚನೆಯಲ್ಲೇ ಬರೆಯಲಿ. ಗ್ರಾಮಸಭೆಯ ನಡಾವಳಿ ದೆಹಲಿಗೆ ತಲುಪುವವರೆಗೆ ಅಂತಿಮ ಆದೇಶ ಹೊರಡದಿರಲಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ